ಕೊಬ್ಬರಿ ಅಟ್ಟದಿಂದ ವಿಶ್ವವಿದ್ಯಾನಿಲಯಕ್ಕೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಎರಡೂ ತೆಂಗಿನ ಸೀಮೆಯ ಊರುಗಳು. ಸಂಪಿಗೆಯಲ್ಲಿ 1884ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದರು. ಅದು ಅವರ ತಾಯಿಯ ತವರು. ಮನೆತನದ ಊರು ನಾಗಮಂಗಲದ ಕಡೆಯ ಬೆಳ್ಳೂರು. ತೀರ್ಥಪುರದಲ್ಲಿ 1906ರಲ್ಲಿ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದರು. ಕನ್ನಡ ಎಂ.ಎ. ತರಗತಿಯ ಮೆಟ್ಟಿಲು ಹತ್ತಿದ ಯಾರಿಗೂ ಈ ಇಬ್ಬರು ‘ಶ್ರೀ’ಗಳ ಪರಿಚಯ ಹೇಳಬೇಕಾಗಿಲ್ಲ. ಇಲ್ಲಿ ನನಗೆ ಬೇಕಾಗಿರುವುದು ಅವರ ಸಾಹಿತ್ಯವಲ್ಲ, ಅವರು ಓದಲು ಎಲ್ಲಿಗೆ ಹೋದರು ಎಂಬ ಸಣ್ಣ ಸಂಗತಿ.

ಬಿ.ಎಂ.ಶ್ರೀ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿದರು. ಕಾಲೇಜು ಮೈಸೂರು ಸಂಸ್ಥಾನದ್ದು, ಸಂಬಳ ಕೊಡುತ್ತಿದ್ದುದು ಸಂಸ್ಥಾನದ ಖಜಾನೆ, ಆದರೆ ಪಠ್ಯ, ಪರೀಕ್ಷೆ, ಪದವಿ ಎಲ್ಲವೂ ಮದರಾಸು ವಿಶ್ವವಿದ್ಯಾನಿಲಯದ್ದು. ಮುಂದೆ ಕಾನೂನು ಪದವಿಗೂ ಎಂ.ಎ.ಗೂ ಅವರು ಮದರಾಸಿನ ಕಡೆಗೇ ಮುಖ ಮಾಡಬೇಕಾಯಿತು. ತೀ.ನಂ.ಶ್ರೀ ಕಾಲೇಜಿಗೆ ಸೇರುವ ವಯಸ್ಸಿಗೆ ಬರುವಷ್ಟರಲ್ಲಿ ಲೆಕ್ಕ ಬದಲಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಅವರು ಪಡೆದ ಎಂ.ಎ. ಪದವಿಗಳ ಮೇಲಿದ್ದುದು ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಬಿ.ಎಂ.ಶ್ರೀ. ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರ ನಡುವೆ 1916 ಎಂಬ ಇಸವಿ ನಿಂತಿದೆ.

ಆ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. ಇಂಡಿಯಾದಲ್ಲಿ ಅದು ಆರನೆಯದು. ದೇಶೀ ಸಂಸ್ಥಾನವೊಂದರಲ್ಲಿ ಮೊದಲನೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ಹಿಂದೆ ನಿಂತು ತಳ್ಳಿದವರು ದಿವಾನ್ ವಿಶ್ವೇಶ್ವರಯ್ಯ. ಇದಕ್ಕೆ ಮೊದಲು ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ವಿಶ್ವವಿದ್ಯಾನಿಲಯಗಳ ರೀತಿನೀತಿಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟಿದ್ದರು. ಸಂಶೋಧನೆಗೆ ಶಿಕಾಗೋ, ಬಾಳುವೆಯ ಶಿಸ್ತಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಮಾದರಿಗಳಾಗಿ ಕಂಡವು. ಇವುಗಳ ಜೊತೆಗೆ ಅವರಿಗೆ ಹಿಡಿಸಿದ ಇನ್ನೊಂದು ಹೆಸರು ವಿಸ್ಕಾನ್ಸಿನ್. ಅಮೆರಿಕದ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯ ತನ್ನ ಗೋಡೆಗಳಾಚೆ ಹೋಗಿ ರೈತರಿಗೂ ಊರಿನವರಿಗೂ ತಿಳಿವಳಿಕೆ ಮುಟ್ಟಿಸುವುದನ್ನು ತನ್ನ ಕೆಲಸವೆಂದೇ ನಂಬಿತ್ತು. ಮೈಸೂರಿನವರು ಅದನ್ನು ಮರೆಯಲಿಲ್ಲ. ಮುಂದೆ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು. ಆ ಭಾಷಣಗಳು ಕೈಯಗಲದ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಕ್ಕವು. ಕಾಲೇಜಿನ ಮುಖವನ್ನೇ ನೋಡದ ಮನೆಗೂ ‘ಮೈಸೂರು ವಿಶ್ವವಿದ್ಯಾನಿಲಯ’ ಎಂಬ ಅಕ್ಷರಗಳು ಹೀಗೆ ಪುಸ್ತಕದ ರಕ್ಷಾಪುಟದ ಮೇಲೆ ಬಂದು ಕೂತವು. ಒಂದು ವಿದ್ಯಾಸಂಸ್ಥೆ ಜನಪ್ರಿಯವಾಗಲು ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಇರಲಾರದು.

ಆದರೆ ಹೆಸರು ಕೇಳುವುದು ಬೇರೆ, ಹೋಗಿ ಸೇರುವುದು ಬೇರೆ. ತಿಪಟೂರಿನ ಹುಡುಗ ಮೈಸೂರಿಗೆ ಹೋಗಿ ಸೇರಬೇಕಾದರೆ ಮೂರು ಸಂಗತಿ ಕೂಡಿ ಬರಬೇಕಿತ್ತು: ದಾರಿ, ದುಡ್ಡು, ಅನ್ನ.

ದಾರಿಯ ಮಾತು ಸುಲಭ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ಮೇಲೆ ಹರಿಹರಕ್ಕೆ ಹೋಗುವ ರೈಲುದಾರಿ 1889ರ ಹೊತ್ತಿಗೆ ಸಿದ್ಧವಾಗಿತ್ತು. ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವ ಹಳಿ ಬಿದ್ದದ್ದು 1918ರ ಸುಮಾರಿಗೆ, ಎಂದರೆ ವಿಶ್ವವಿದ್ಯಾನಿಲಯ ಹುಟ್ಟಿದ ಎರಡು ವರ್ಷಕ್ಕೆ. ಟ್ರಂಕು ಹಿಡಿದು ತಿಪಟೂರಿನಲ್ಲಿ ಹತ್ತಿ, ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಮೈಸೂರು. ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ರೈಲಿರಲಿಲ್ಲ; ಅಲ್ಲಿಯವರು ಮೊದಲು ತಿಪಟೂರಿಗೋ ಇನ್ನಾವುದಾದರೂ ಹತ್ತಿರದ ಸ್ಟೇಷನ್ನಿಗೋ ಬಂದು ಮುಟ್ಟಬೇಕಿತ್ತು. ರಾಗಿ, ಕೊಬ್ಬರಿ ಸಾಗಿಸಲು ನೆರವಾದ ಹಳಿಯೇ ವಿದ್ಯಾರ್ಥಿಗಳನ್ನೂ ಹೊತ್ತೊಯ್ದಿತು.

ದುಡ್ಡಿನ ಮಾತಿಗೆ ಬಂದರೆ ಅಟ್ಟಕ್ಕೆ ಏಣಿ ಹಾಕಲೇಬೇಕು. ಈ ಸೀಮೆ ಕರಾವಳಿಯ ಹಾಗೆ ಎಣ್ಣೆಗೆಂದು ಕಾಯಿಯನ್ನು ಹೋಳು ಮಾಡಿ ಒಣಗಿಸುವುದಿಲ್ಲ. ಬಲಿತ ಕಾಯಿಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಕೇಳಿದಾಗ ಮಟ್ಟೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ತಿಪಟೂರಿನ ಮಾರುಕಟ್ಟೆಯ ಹೆಸರು ನಿಂತಿರುವುದೇ ಈ ಉಂಡೆಯ ಮೇಲೆ. ಅದನ್ನು ಬಹಳವಾಗಿ ಕೊಳ್ಳುವವರು ಉತ್ತರ ಇಂಡಿಯಾದವರು.  ಅಟ್ಟದ ಮೇಲಿನ ಕಾಯಿಗೆ ಅವಸರವಿಲ್ಲ. ಅದು ಕಾಯುತ್ತದೆ. ಮಗನ ಫೀಸು ಕಟ್ಟುವ ತಿಂಗಳಿಗೆ ಸರಿಯಾಗಿ ಸುಲಿಸಿ ಮಂಡಿಗೆ ಹಾಕಬಹುದು. ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆ ಬರೆಯುವವರು ಶಾಲಾ ದಾಖಲೆಗಳ ಜೊತೆಗೆ ಮಂಡಿಯ ಲೆಕ್ಕದ ಪುಸ್ತಕಗಳನ್ನೂ ಬಿಚ್ಚಿ ನೋಡಬೇಕು ಎಂದು ನನಗೆ ಅನ್ನಿಸುವುದು ಇದಕ್ಕೇ.

ಹಾಗೆಂದು ತೋಟವಿದ್ದವರೆಲ್ಲ ಓದಿದರು ಎಂದಲ್ಲ. ತೋಟವಿಲ್ಲದವರ ಮಾತಂತೂ ಬಂದೇ ಇರಲಿಲ್ಲ. ಮೊದಲ ದಶಕಗಳಲ್ಲಿ ಮೈಸೂರಿನ ತರಗತಿಗಳಲ್ಲಿ ಕೂತವರಲ್ಲಿ ಬ್ರಾಹ್ಮಣ ಹುಡುಗರೇ ಹೆಚ್ಚು. ಈ ಲೇಖನದ ಇಬ್ಬರು ‘ಶ್ರೀ’ಗಳೂ ಅದಕ್ಕೆ ಹೊರತಲ್ಲ. ಸಾರ್ವಜನಿಕ ವಿಶ್ವವಿದ್ಯಾನಿಲಯ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಸಾರ್ವಜನಿಕವಾಗಿಬಿಡುವುದಿಲ್ಲ. ಇದನ್ನು ಆಗಲೇ ಕೇಳಿದವರಿದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಮರುವರ್ಷ ಕೊಟ್ಟ ವರದಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು, ಓದಿಗೆ ನೆರವು ಬೇಕೆಂದು ಹೇಳಿತು. ವಿಶ್ವವಿದ್ಯಾನಿಲಯ ಕಟ್ಟಿದ ವಿಶ್ವೇಶ್ವರಯ್ಯನವರಿಗೇ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿ ಬಿಟ್ಟದ್ದರ ಹಿಂದೆ ಈ ಭಿನ್ನಾಭಿಪ್ರಾಯವೂ ಇತ್ತು. ಬಾಗಿಲು ಮಾಡಿಸಿದವರೊಬ್ಬರು, ಅದನ್ನು ಅಗಲ ಮಾಡಲು ಹೋರಾಡಿದವರು ಇನ್ನೊಬ್ಬರು. ಎರಡನ್ನೂ ನೆನೆಯದೆ ಮೈಸೂರಿನ ಕಥೆ ಹೇಳಿದರೆ ಅರ್ಧವೇ ಹೇಳಿದಂತೆ.

ಮೂರನೆಯದು ಅನ್ನ. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದರೆ ಎಲ್ಲಿ ಮಲಗುತ್ತಾನೆ, ಎಲ್ಲಿ ಉಣ್ಣುತ್ತಾನೆ? ವಾರಾನ್ನದ ಪದ್ಧತಿ ಒಂದು ಜಾತಿಯವರಿಗೆ ಒದಗಿತ್ತು. ಉಳಿದವರಿಗೆ ಅದೂ ಇರಲಿಲ್ಲ. ಆ ಕೊರತೆ ತುಂಬಿದ್ದು ಹಾಸ್ಟೆಲುಗಳು. ನೆರೆಯ ಗುಬ್ಬಿಯ ವರ್ತಕ ತೋಟದಪ್ಪನವರು ಬೆಂಗಳೂರು ರೈಲ್ವೆ ಸ್ಟೇಷನ್ನಿನ ಎದುರಿಗೆ ಕಟ್ಟಿಸಿದ ಛತ್ರ 1897ರದ್ದು. ವಿದ್ಯಾರ್ಥಿನಿಲಯವೂ ಅದಕ್ಕೆ ಕೂಡಿಕೊಂಡಿತು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ತುಮಕೂರಿನ ಪಕ್ಕದಲ್ಲೇ ಸಿದ್ಧಗಂಗೆ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಸ್ವತಃ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಎಂದರೆ ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲೇ, ಓದಿದವರು. ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ಸಿಕ್ಕಿತು. ಅಲ್ಲಿ ಉಂಡು ಹೈಸ್ಕೂಲು ದಾಟಿದವರೇ ಮುಂದೆ ಕಾಲೇಜಿನ ಅರ್ಜಿ ಹಿಡಿದು ನಿಂತರು. ದೇವರಾಜ ಅರಸು ಅವರ ಕಾಲದಲ್ಲಿ, 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ಆಸುಪಾಸಿನಲ್ಲಿ, ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲುಗಳಿಗೆ ಹೊಸ ಬಲ ಬಂತು. ಮಿಲ್ಲರ್ ವರದಿಯಿಂದ ಇಲ್ಲಿಗೆ ಅರ್ಧ ಶತಮಾನಕ್ಕೂ ಮೀರಿದ ದಾರಿ.

ಈ ನಡುವೆ ವಿಶ್ವವಿದ್ಯಾನಿಲಯವೂ ಬೆಳೆಯುತ್ತಿತ್ತು. 1927ರಲ್ಲಿ ಕನ್ನಡ ಎಂ.ಎ. ಶುರುವಾದದ್ದು ಬರಿಯ ಒಂದು ವಿಭಾಗ ತೆರೆದ ಸುದ್ದಿಯಲ್ಲ. ಮನೆಮಾತಿನಲ್ಲಿ ಓದಿ ಮೇಷ್ಟ್ರಾಗಬಹುದು ಎಂದು ಹಳ್ಳಿಗಳಿಗೆ ತಿಳಿದದ್ದು ಆಗಲೇ. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಸ್ನಾತಕೋತ್ತರ ವಿಭಾಗಗಳಿಗೆಂದು ಹೊಸ ಆವರಣ ಕಟ್ಟಿಸಿ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಕುಕ್ಕರಹಳ್ಳಿ ಕೆರೆಯ ಪಕ್ಕದ ಆ ನೆರಳು, ಗ್ರಂಥಾಲಯ, ಸಂಜೆಯ ಭಾಷಣಗಳು ಇವತ್ತಿಗೂ ಕನ್ನಡ ಓದುವ ಹುಡುಗರ ಕಿವಿಗೆ ಬೀಳುತ್ತಲೇ ಇರುತ್ತವೆ. ದೊಡ್ಡ ವಿಶ್ವವಿದ್ಯಾನಿಲಯದ ಸೆಳೆತದಲ್ಲಿ ಹೀಗೆ ಕಥೆಯದೂ ಒಂದು ಪಾಲಿದೆ. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಉತ್ತರದ ರಾಜ್ಯಗಳ ಮಕ್ಕಳು ದಕ್ಷಿಣದ ಭಾರಿ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ಹೆಚ್ಚು ಹೆಚ್ಚು ಅರ್ಜಿ ಹಾಕುತ್ತಿದ್ದಾರಂತೆ. ಬಿಸಿಲು, ಫುಟ್‌ಬಾಲ್ ಆಟದ ಗದ್ದಲ, ಖಾಸಗಿಗಿಂತ ಕಡಿಮೆ ಫೀಸು ಕಾರಣ ಎನ್ನುತ್ತಾರೆ. ನಮ್ಮಲ್ಲಿ ಫುಟ್‌ಬಾಲಿನ ಜಾಗದಲ್ಲಿ ಕವಿಗೋಷ್ಠಿಯಿತ್ತು. ಫೀಸಿನ ಮಾತು ಮಾತ್ರ ಎರಡೂ ಕಡೆ ಒಂದೇ.

ಆಮೇಲೆ ದೂರ ಕುಗ್ಗುತ್ತಾ ಬಂತು. 1964ರಲ್ಲಿ ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳನ್ನು ಮೈಸೂರಿನಿಂದ ಬಿಡಿಸಿ ಬೆಂಗಳೂರು ವಿಶ್ವವಿದ್ಯಾನಿಲಯ ಮಾಡಿದರು. ಎಪ್ಪತ್ತರ ದಶಕದಲ್ಲಿ ತುಮಕೂರು ಜಿಲ್ಲೆಯ ಕಾಲೇಜುಗಳು ಅದರ ತೆಕ್ಕೆಗೆ ಹೋದವು. ತಿಪಟೂರಿನಲ್ಲಿ ಕಲ್ಪತರು ಕಾಲೇಜು ಎದ್ದು, ಪದವಿಗಾಗಿ ಊರು ಬಿಡಲೇಬೇಕೆಂಬ ಕಟ್ಟು ಸಡಿಲಿತು. ಹೆಣ್ಣುಮಕ್ಕಳಿಗೆ ಇದರಿಂದಾದ ಲಾಭ ದೊಡ್ಡದು: ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಕಳಿಸಲು ಒಪ್ಪದ ಮನೆ, ಸಂಜೆ ಬಸ್ಸಿಗೆ ವಾಪಸು ಬರುವುದಾದರೆ ಒಪ್ಪುತ್ತಿತ್ತು. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾನಿಲಯ ಬಂತು. ಮದರಾಸು, ಮೈಸೂರು, ಬೆಂಗಳೂರು, ತುಮಕೂರು ಎಂದು ಒಂದು ಶತಮಾನದಲ್ಲಿ ಪದವಿಯ ಮುದ್ರೆ ಮನೆಯ ಹತ್ತಿರಕ್ಕೆ ನಡೆದು ಬಂತು.

ಹತ್ತಿರ ಬಂದಂತೆ ಅಗ್ಗವೂ ಆಯಿತೇ? ಎಲ್ಲಕ್ಕೂ ಆಗಲಿಲ್ಲ. ಎಂಬತ್ತರ ದಶಕದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿದವು, ಡೊನೇಷನ್ ಎಂಬ ಶಬ್ದ ಹಳ್ಳಿ ಕಟ್ಟೆಯವರೆಗೂ ಬಂತು. ವಂತಿಗೆ ನಿಷೇಧಿಸಲು ಕರ್ನಾಟಕ 1984ರಲ್ಲಿ ಕಾನೂನು ಮಾಡಬೇಕಾಯಿತು. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣ ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವಂಥದ್ದು. ಅದು ಎದ್ದದ್ದು ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಪ್ರವೇಶದಿಂದ ಎಂಬುದು ನಮ್ಮವರಿಗೇ ಅಷ್ಟಾಗಿ ನೆನಪಿಲ್ಲ. ಆಗಿನ ಸರ್ಕಾರಿ ಆದೇಶದಂತೆ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನ ಬಳಿಕ ಸಿಇಟಿ ಬಂತು. ಅದರ ಜೊತೆಗೆ ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ ಎಂಬ ಮಾತುಗಳು ಮನೆಮನೆಯ ಕನ್ನಡವಾದವು. ಎರಡು ಸಾವಿರ ಮತ್ತು ಇಪ್ಪತ್ತೈದು ಸಾವಿರದ ನಡುವಿನ ಕಂದರದಲ್ಲಿ ಎಷ್ಟು ಅಟ್ಟಗಳು ಬರಿದಾಗಿರಬಹುದು! ಸರ್ಕಾರಿ ಸೀಟಿನ ಮೋಹ ಮೋಹವಲ್ಲ, ಲೆಕ್ಕಾಚಾರ.

ಆ ಲೆಕ್ಕ ಈಗಲೂ ಕೊಬ್ಬರಿ ದರದ ಜೊತೆಗೇ ಏರಿಳಿಯುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಹರಾಜಿನಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು, ರೈತರು ಬೀದಿಗಿಳಿದಿದ್ದರು. ಅದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಾಯಿತು. ತೋಟದ ಆದಾಯ ಕುಸಿದ ವರ್ಷವೇ ಚಿಕ್ಕನಾಯಕನಹಳ್ಳಿಯ ಹುಡುಗಿಗೆ ತುಮಕೂರಿನ ದಾರಿ ಬಿಟ್ಟಿಯಾಯಿತು. 1918ರ ಹಳಿಗೂ 2023ರ ಬಸ್ಸಿಗೂ ನಾನು ಒಂದೇ ಅಧ್ಯಾಯದಲ್ಲಿ ಜಾಗ ಕೊಡುತ್ತೇನೆ.

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆ. ಜಿಲ್ಲೆಗೊಂದರಂತೆ ತೆರೆದ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ನಡೆಸುವುದು ಕಷ್ಟ, ಹಳೆಯವುಗಳಲ್ಲಿ ಸೇರಿಸಬೇಕು ಎಂಬ ಮಾತು 2025ರ ಆರಂಭದಲ್ಲಿ ಸರ್ಕಾರದ ಮಟ್ಟದಲ್ಲೇ ಎದ್ದಿತು. ಆ ಪಟ್ಟಿಯಲ್ಲಿ ತಿಪಟೂರಿನ ಪಕ್ಕದ ಹಾಸನವೂ ಇತ್ತು. ಹಣವಿಲ್ಲದೆ, ಕಾಯಂ ಅಧ್ಯಾಪಕರಿಲ್ಲದೆ, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಸಂಸ್ಥೆಗೆ ನಾಮಫಲಕ ಹಾಕಿದ ಮಾತ್ರಕ್ಕೆ ಹುಡುಗರು ಬರುವುದಿಲ್ಲ ಎಂಬುದು ನಿಜ. ಆದರೆ ಮುಚ್ಚುವುದೇ ಮದ್ದೆಂದು ನನಗೆ ಅನ್ನಿಸುವುದಿಲ್ಲ. ಮೈಸೂರು 1916ರಲ್ಲಿ ಎರಡು ಹಳೆಯ ಕಾಲೇಜುಗಳನ್ನು ನೆಚ್ಚಿಕೊಂಡೇ ಹೊರಟಿತ್ತು. ಅದಕ್ಕೆ ಮಾನಸಗಂಗೋತ್ರಿ ಸಿಕ್ಕಿದ್ದು ನಲವತ್ತನಾಲ್ಕು ವರ್ಷಗಳ ನಂತರ, ಅಷ್ಟು ಕಾಲವೂ ಖಜಾನೆ ಕೈಬಿಡದೆ ಇದ್ದದ್ದರಿಂದ.

ಈ ಜೂನ್ ತಿಂಗಳಲ್ಲೂ ಮೂರು ತಾಲ್ಲೂಕಿನ ಮಕ್ಕಳು ಅರ್ಜಿ ತುಂಬುತ್ತಾರೆ. ತುಮಕೂರು ಹತ್ತಿರ, ಬಸ್ಸಿದೆ, ರಾತ್ರಿ ಊಟಕ್ಕೆ ಮನೆ ಸೇರಬಹುದು. ಹೀಗಿದ್ದೂ ಕೆಲವರು ಮೊದಲ ಆಯ್ಕೆಯ ಜಾಗದಲ್ಲಿ ಮೈಸೂರು ಎಂದೇ ಬರೆಯುತ್ತಾರೆ. ಅಪ್ಪ ಅಟ್ಟದ ಕಡೆ ನೋಡಿ, ಇನ್ನೆರಡು ತಿಂಗಳು ತಡೆದರೆ ದರ ಏರಬಹುದೇನೋ ಎನ್ನುತ್ತಾನೆ. ಪ್ರವೇಶದ ಕೊನೆಯ ದಿನಾಂಕ ಅಷ್ಟು ದಿನ ತಡೆಯುವುದಿಲ್ಲ.