ಪವರ್ ವಿಂಡೋ ರಿಲೇ ಪರೀಕ್ಷೆ

ಪವರ್ ವಿಂಡೋ ರಿಲೇ ಎಂಬುದು ಕಾರಿನ ಕಿಟಕಿಯ ಗಾಜನ್ನು ಏರಿಸಿ ಇಳಿಸುವ ಮೋಟಾರುಗಳಿಗೆ ವಿದ್ಯುತ್ತನ್ನು ಒದಗಿಸುವ, ವಿದ್ಯುತ್ಕಾಂತದಿಂದ ಕೆಲಸ ಮಾಡುವ ಸ್ವಿಚ್ಚು. ಅಲ್ಪ ಪ್ರವಾಹದ ಮೂಲಕ ಅಧಿಕ ಪ್ರವಾಹವನ್ನು ನಿಯಂತ್ರಿಸುವುದು ಇದರ ಉದ್ದೇಶ. ಇದು ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಮಲ್ಟಿಮೀಟರ್ ಹಾಗೂ 12 ವೋಲ್ಟ್ ಬ್ಯಾಟರಿಯ ನೆರವಿನಿಂದ ಮನೆಯಲ್ಲಿಯೇ ಪರೀಕ್ಷಿಸಬಹುದು. ಹೊಸ ಮಾದರಿಯ ಅನೇಕ ಕಾರುಗಳಲ್ಲಿ ಕಿಟಕಿಗಳ ನಿಯಂತ್ರಣವು ಎಲೆಕ್ಟ್ರಾನಿಕ್ ಘಟಕವೊಂದರಲ್ಲಿ ಅಡಕವಾಗಿದ್ದು, ಅವುಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ.

ರಚನೆ

ರಿಲೇಯೊಳಗೆ ತಾಮ್ರದ ತಂತಿಯ ಸುರುಳಿಯೂ ಸಂಪರ್ಕ ಬಿಂದುಗಳೂ ಇರುತ್ತವೆ. ಜರ್ಮನಿಯ ಡಿಐಎನ್ 72552 ಮಾನಕದ ಪ್ರಕಾರ ಸುರುಳಿಯ ಕಾಲುಗಳಿಗೆ 85 ಮತ್ತು 86, ಬ್ಯಾಟರಿಯಿಂದ ವಿದ್ಯುತ್ ಬರುವ ಕಾಲಿಗೆ 30, ಹೊರಹೋಗುವ ಕಾಲಿಗೆ 87 ಎಂಬ ಸಂಖ್ಯೆಗಳಿವೆ. ಐದು ಕಾಲುಗಳ ರಿಲೇಯಲ್ಲಿ 87ಎ ಎಂಬುದೂ ಇದ್ದು, ಸುರುಳಿ ನಿಷ್ಕ್ರಿಯವಾಗಿರುವಾಗ 30ರ ಸಂಪರ್ಕ ಅದರೊಡನೆ ಇರುತ್ತದೆ.

ಪರೀಕ್ಷೆ

ಒಂದೇ ರಿಲೇ ಎಲ್ಲ ಕಿಟಕಿಗಳಿಗೂ ವಿದ್ಯುತ್ ನೀಡುವ ಕಾರಿನಲ್ಲಿ ಕೇವಲ ಒಂದು ಕಿಟಕಿ ನಿಂತಿದ್ದರೆ ದೋಷ ಬಹುಶಃ ಆ ಬಾಗಿಲಿನ ಸ್ವಿಚ್ಚು ಅಥವಾ ಮೋಟಾರಿನಲ್ಲಿರುತ್ತದೆ. ಎಲ್ಲವೂ ನಿಂತಿದ್ದರೆ ಮೊದಲು ಫ್ಯೂಸನ್ನು ನೋಡಿ, ಅನಂತರ ಇಗ್ನಿಷನ್ ಆರಿಸಿ ರಿಲೇಯನ್ನು ಹೊರತೆಗೆಯಬೇಕು.

85 ಮತ್ತು 86ರ ನಡುವಿನ ರೋಧ ಸಾಮಾನ್ಯವಾಗಿ 50ರಿಂದ 120 ಓಮ್ ಇರುತ್ತದೆ. ಅನಂತ ರೋಧ ಕಂಡುಬಂದರೆ ಸುರುಳಿ ತುಂಡಾಗಿದೆ ಎಂದರ್ಥ. 30 ಮತ್ತು 87ರ ನಡುವೆ ಆಗ ಸಂಪರ್ಕ ಇರಬಾರದು. ಇದ್ದರೆ ಬಿಂದುಗಳು ಬೆಸೆದುಕೊಂಡಿವೆ. ಬಳಿಕ 86ಕ್ಕೆ ಬ್ಯಾಟರಿಯ ಧನಾಗ್ರವನ್ನೂ 85ಕ್ಕೆ ಋಣಾಗ್ರವನ್ನೂ ಜೋಡಿಸಿದಾಗ 'ಟಕ್' ಎಂಬ ಸದ್ದು ಕೇಳಿಸಿ, 30 ಮತ್ತು 87ರ ನಡುವಿನ ರೋಧ ಶೂನ್ಯದ ಸಮೀಪಕ್ಕೆ ಇಳಿಯಬೇಕು. ಕೆಲವು ರಿಲೇಗಳಲ್ಲಿ ಸುರುಳಿಗೆ ಡಯೋಡ್ ಜೋಡಿಸಿರುವುದರಿಂದ ಧ್ರುವಗಳನ್ನು ಅದಲುಬದಲು ಮಾಡಬಾರದು. ಧನಾಗ್ರದ ತಂತಿಯಲ್ಲಿ ಫ್ಯೂಸ್ ಇರಲೇಬೇಕು. 12 ವೋಲ್ಟ್‌ನಿಂದ ಆಘಾತವಾಗದಿದ್ದರೂ ಶಾರ್ಟ್ ಸರ್ಕ್ಯೂಟ್ ಆದರೆ ತಂತಿ ಕೆಂಪಗೆ ಕಾದು ಕೈ ಸುಡುತ್ತದೆ.

ಸದ್ದಿನ ಮಿತಿ

ಸದ್ದು ಕೇಳಿಸಿದೊಡನೆ ರಿಲೇ ಸರಿಯಿದೆಯೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು. ಸದ್ದು ಸೂಚಿಸುವುದು ಸುರುಳಿಯ ಆರೋಗ್ಯವನ್ನು ಮಾತ್ರ. ಕಿಡಿಗಳಿಂದ ಸುಟ್ಟು ಕಪ್ಪಾದ ಬಿಂದುಗಳು ಮಲ್ಟಿಮೀಟರಿನ ಅತ್ಯಲ್ಪ ಪ್ರವಾಹವನ್ನು ಹರಿಯಬಿಟ್ಟು, ಮೋಟಾರಿನ ಭಾರಕ್ಕೆ ಸೋಲಬಹುದು. ಆದ್ದರಿಂದ 30ಕ್ಕೆ ಫ್ಯೂಸಿನ ಮೂಲಕ ಧನಾಗ್ರವನ್ನು ಕೊಟ್ಟು, 87 ಮತ್ತು ಋಣಾಗ್ರದ ನಡುವೆ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬನ್ನು ಜೋಡಿಸಿ ಸುರುಳಿಗೆ ವಿದ್ಯುತ್ ನೀಡುವುದು ಉತ್ತಮ. ಬಲ್ಬು ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಅದು ಮಂಕಾಗಿ ಉರಿದರೆ, ಅಥವಾ ಉರಿಯುವಾಗ 30 ಮತ್ತು 87ರ ನಡುವೆ ಅರ್ಧ ವೋಲ್ಟಿನಷ್ಟು ಕಂಡುಬಂದರೆ, ರಿಲೇಯನ್ನು ಬದಲಿಸಬೇಕು. ಹೊಸದು ಅದೇ ವೋಲ್ಟೇಜ್, ಆಂಪಿಯರ್ ಹಾಗೂ ಕಾಲುಗಳ ಜೋಡಣೆಯುಳ್ಳದ್ದಾಗಿರಬೇಕು. ಅಳವಡಿಸಿ ನೋಡುವಾಗ ಮಕ್ಕಳ ಕೈ, ಕತ್ತು ಕಿಟಕಿಯ ಬಳಿ ಇರದಂತೆ ಎಚ್ಚರ ವಹಿಸಬೇಕು. ನಿಂತಿದ್ದ ಗಾಜು ಹಠಾತ್ತನೆ ಮೇಲೇರಬಹುದು.