ಸ್ತ್ರೀರೋಗ ಚಿಕಿತ್ಸೆಯಲ್ಲಿ ನೋವಿನ ಉಪೇಕ್ಷೆ

ಗರ್ಭಕೋಶ, ಗರ್ಭಕೊರಳು ಮತ್ತು ಯೋನಿಗೆ ಸಂಬಂಧಿಸಿದ ತಪಾಸಣೆ, ಶಸ್ತ್ರಚಿಕಿತ್ಸೆಗಳ ವೇಳೆ ಹೆಂಗಸರಿಗಾಗುವ ನೋವನ್ನು ಕಡಿಮೆ ಎಂದೆಣಿಸುವ, ನಂಬದಿರುವ ಅಥವಾ ಅರಿವಳಿಕೆ ಕೊಡದೆಯೇ ಕೆಲಸ ಮುಗಿಸುವ ವೈದ್ಯಕೀಯ ರೂಢಿ. ಇದು ಆಧುನಿಕ ಸ್ತ್ರೀರೋಗ ಶಾಸ್ತ್ರದಷ್ಟೇ ಹಳೆಯದು. ನೋವು ಎಷ್ಟೆಂದು ಸಲಕರಣೆ ಹಿಡಿದವರೇ ತೀರ್ಮಾನಿಸುತ್ತ ಬಂದದ್ದು ಇದರ ಬೇರು.

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ ಜೆ. ಮರಿಯನ್ ಸಿಮ್ಸ್ ಎಂಬ ವೈದ್ಯ 1845ರಿಂದ 1849ರವರೆಗೆ ಕಪ್ಪು ಗುಲಾಮ ಹೆಂಗಸರ ಮೇಲೆ ಫಿಸ್ಟುಲಾ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸಿದ. ಹೆರಿಗೆಯಲ್ಲಿ ಮಗು ದಿನಗಟ್ಟಲೆ ಸಿಕ್ಕಿಕೊಂಡು, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು, ಮೂತ್ರ ಸದಾ ಸೋರುವ ಕಾಯಿಲೆ ಇದು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ಅವನ ಬರಹದಲ್ಲಿ ಉಳಿದಿದೆ. ಲೂಸಿಯನ್ನು ಮೊಣಕಾಲೂರಿಸಿ, ಹತ್ತಾರು ವೈದ್ಯರು ನೋಡುತ್ತಿರುವಾಗ ಸುಮಾರು ಒಂದು ಗಂಟೆ ಕಾಲ ಕೊಯ್ದು ಹೊಲಿಯಲಾಯಿತು. ಮೂತ್ರ ಹೊರಬರಲೆಂದು ಒಳಗಿಟ್ಟ ಸ್ಪಂಜಿನ ತುಂಡಿನಿಂದ ನಂಜೇರಿತು. ಗಟ್ಟಿಯಾಗಿ ಅಂಟಿಕೊಂಡಿದ್ದ ಆ ತುಂಡನ್ನು ಎಳೆದು ತೆಗೆಯುವಾಗ ಆಕೆ ಪಟ್ಟ ಯಾತನೆ ಅತಿಯಾಗಿತ್ತೆಂದು ಸಿಮ್ಸನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅನಾರ್ಕಾಳ ಮೇಲೆ ಸುಮಾರು 30 ಸಲ ಶಸ್ತ್ರಚಿಕಿತ್ಸೆ ನಡೆಯಿತು. ಸಹಾಯಕ್ಕಿದ್ದ ವೈದ್ಯರು ಬೇಸತ್ತು ಬಿಟ್ಟುಹೋದ ಮೇಲೆ ಈ ಹೆಂಗಸರೇ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು.

ಆರಂಭದಲ್ಲಿ ಅರಿವಳಿಕೆಯೇ ಇರಲಿಲ್ಲ ಎಂಬುದು ನಿಜ. ಆದರೆ 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗ ಬಹಿರಂಗವಾದ ನಂತರವೂ ಸಿಮ್ಸ್ ಅದನ್ನು ಬಳಸಲಿಲ್ಲ. ಈಥರಿನ ತೊಂದರೆ, ಅಪಾಯಗಳನ್ನು ಮೈಮೇಲೆ ಎಳೆದುಕೊಳ್ಳುವಷ್ಟು ನೋವು ಈ ಚಿಕಿತ್ಸೆಯಲ್ಲಿಲ್ಲ ಎಂದು 1857ರ ಉಪನ್ಯಾಸದಲ್ಲಿ ಹೇಳಿದ. ಲೂಸಿಯ ಯಾತನೆಯನ್ನು ಕಣ್ಣಾರೆ ಕಂಡವನ ಬಾಯಿಂದ ಬಂದ ಈ ಮಾತು ಕ್ಷಮೆಗೆ ಅರ್ಹವಲ್ಲ. ಕಪ್ಪು ಜನರಿಗೆ ನೋವು ಕಡಿಮೆ ಎಂಬ ಅಂದಿನ ನಂಬಿಕೆಯೂ ಇನ್ನೂ ಅಳಿದಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಪ್ಪು ಜನರ ಚರ್ಮ ದಪ್ಪ ಎಂಬಂಥ ಒಂದಲ್ಲ ಒಂದು ಸುಳ್ಳನ್ನು ನಿಜವೆಂದೇ ತಿಳಿದಿದ್ದರು. ಸಿಮ್ಸನ ಪ್ರತಿಮೆಯನ್ನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ತೆಗೆದದ್ದು 2018ರಲ್ಲಿ.

ಹೆರಿಗೆಯ ವಿಷಯದಲ್ಲಿ ವಾದ ಬೇರೆ ದಿಕ್ಕು ಹಿಡಿಯಿತು. ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಈಥರ್, ಆಮೇಲೆ ಕ್ಲೋರೊಫಾರ್ಮ್ ಬಳಸಿದಾಗ, ಹೆರಿಗೆ ನೋವು ಸಹಜ, ಅದನ್ನು ತಡೆಯಬಾರದು ಎಂದು ಫಿಲಡೆಲ್ಫಿಯಾದ ಚಾರ್ಲ್ಸ್ ಮೀಗ್ಸ್ ಮುಂತಾದವರು ವಿರೋಧಿಸಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೊಫಾರ್ಮ್ ತೆಗೆದುಕೊಂಡ ಮೇಲೆ ಆ ವಿರೋಧ ಸೊರಗಿತು.

ಇಪ್ಪತ್ತನೆಯ ಶತಮಾನದಲ್ಲಿ ನೋವಿಲ್ಲವೆಂಬ ಮಾತಿಗೆ ವಿಜ್ಞಾನದ ಆಸರೆ ಸಿಕ್ಕಂತಾಯಿತು. ಮೆಲ್ಲಗೆ ಸವರಿದರೆ ಬಹುಪಾಲು ಹೆಂಗಸರಿಗೆ ಗರ್ಭಕೊರಳಿನಲ್ಲಿ ಸ್ಪರ್ಶವೇ ಗೊತ್ತಾಗುವುದಿಲ್ಲ ಎಂದು ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸಿಯ 1953ರ ವರದಿ ಹೇಳಿತ್ತು. ಆದರೆ ಸವರುವುದು ಬೇರೆ, ಚುಚ್ಚಿ ಹಿಡಿದು ಹಿಗ್ಗಿಸುವುದು ಬೇರೆ. ಗರ್ಭ ನಿಲ್ಲದಂತೆ ಗರ್ಭಕೋಶದೊಳಗಿಡುವ ವಂಕಿ ಅಥವಾ ಕಾಪರ್-ಟಿ ಹಾಕುವಾಗ ಚೂಪು ಹಲ್ಲಿನ ಇಕ್ಕಳದಿಂದ ಗರ್ಭಕೊರಳನ್ನು ಕಚ್ಚಿ ಹಿಡಿದು ಎಳೆಯುತ್ತಾರೆ. ಆಳ ಅಳೆಯಲು ಸಲಾಕೆಯನ್ನು ಒಳಗೆ ತೂರಿಸುತ್ತಾರೆ. ಆಗ ಕೆಲವರು ಬೆವರಿ, ತಲೆಸುತ್ತಿ ಬೀಳುವುದೂ ಉಂಟು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವಂಕಿ ಹಾಕಿಸಿಕೊಂಡವರು ತಮ್ಮ ನೋವಿಗೆ 100ಕ್ಕೆ ಸರಾಸರಿ 65ರಷ್ಟು ಅಂಕ ಕೊಟ್ಟರು. ಹಾಕಿದವರ ಅಂದಾಜು 35ರ ಆಸುಪಾಸಿನಲ್ಲಿತ್ತು.

ಭಾರತಕ್ಕೆ ವಂಕಿ ಬಂದದ್ದು 1965ರಲ್ಲಿ, ಕುಟುಂಬ ಯೋಜನೆಯ ಲಿಪ್ಪಿಸ್ ಲೂಪ್ ರೂಪದಲ್ಲಿ. ಇಷ್ಟು ಜನಕ್ಕೆ ಹಾಕಲೇಬೇಕೆಂಬ ಗುರಿಯ ಒತ್ತಡದಲ್ಲಿ ನೋವು, ರಕ್ತಸ್ರಾವದ ದೂರುಗಳಿಗೆ ಕಿವಿಗೊಡುವವರು ಕಡಿಮೆಯಿದ್ದರು. ಹೆಂಗಸರೇ ಬೇಡವೆಂದು ದೂರ ಸರಿದರು. ಕೆಲವೇ ವರ್ಷಗಳಲ್ಲಿ ಕಾರ್ಯಕ್ರಮ ಸೊರಗಿತು. ಗುರಿ ಮುಟ್ಟುವ ಅದೇ ಧಾವಂತ ಸಂತಾನಹರಣ ಶಿಬಿರಗಳಲ್ಲೂ ಮುಂದುವರಿಯಿತು. 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯಲ್ಲಿ 53 ಹೆಂಗಸರಿಗೆ ಶಾಲೆಯೊಂದರ ಮೇಜುಗಳ ಮೇಲೆ, ರಾತ್ರಿ ಟಾರ್ಚ್ ಬೆಳಕಿನಲ್ಲಿ ಎರಡೇ ತಾಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಲಾಯಿತು. ಈ ಪ್ರಕರಣದ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್, ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು 2016ರಲ್ಲಿ ಆದೇಶಿಸಿತು.

ನೋವಿನ ದೂರನ್ನು ನಂಬದಿದ್ದರೆ ಏನಾದೀತು ಎಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದ ಬಂಜೆತನ ಚಿಕಿತ್ಸಾ ಕೇಂದ್ರದ ಪ್ರಕರಣಕ್ಕಿಂತ ಬೇರೆ ಸಾಕ್ಷಿ ಬೇಡ. 2020ರಲ್ಲಿ ಅಲ್ಲಿನ ನರ್ಸ್ ಒಬ್ಬಳು ಫೆಂಟನಿಲ್ ಎಂಬ ನೋವುನಿವಾರಕವನ್ನು ಕದ್ದು ಸೀಸೆಗಳಿಗೆ ಸಲೈನ್ ತುಂಬಿಡುತ್ತಿದ್ದಳು. ಅಂಡಾಣು ಹೊರತೆಗೆಯುವಾಗ ಹೆಂಗಸರು ಚೀರಿದರೂ, ಕೊಡಬಹುದಾದಷ್ಟು ಮದ್ದು ಕೊಟ್ಟಾಗಿದೆ ಎಂಬ ಉತ್ತರ ಬರುತ್ತಿತ್ತು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಬ್ಬಳ ಮಾತನ್ನಾದರೂ ನಂಬಿದ್ದರೆ ಕಳ್ಳತನ ಬೇಗ ಹೊರಬೀಳುತ್ತಿತ್ತು.

ಬದಲಾವಣೆ ತಂದವರು ನೋವುಂಡ ಹೆಂಗಸರೇ. ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೋಸ್ಕೋಪಿಯನ್ನು ಅರಿವಳಿಕೆಯಿಲ್ಲದೆ ಮಾಡುವುದರ ವಿರುದ್ಧ ಬ್ರಿಟನ್ನಿನಲ್ಲಿ ಚಳವಳಿ ಎದ್ದಿತು. ಆಗ ಸಂಸದೆಯಾಗಿದ್ದ ಲಿನ್ ಬ್ರೌನ್, ನೋವುಂಡ ಹೆಂಗಸರ ಅನುಭವಗಳನ್ನು ಸಂಸತ್ತಿನಲ್ಲಿ ಮತ್ತೆ ಮತ್ತೆ ಎತ್ತಿದರು. ವಂಕಿ ಹಾಕುವ ಮೊದಲು ನೋವಿನ ಬಗ್ಗೆ ತಿಳಿಸಬೇಕು, ಲಿಡೊಕೇನ್‌ನಂಥ ಸ್ಥಳೀಯ ಅರಿವಳಿಕೆಯನ್ನು ಪರಿಗಣಿಸಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಆಗಸ್ಟ್‌ನಲ್ಲಿ ಸೂಚಿಸಿತು. ಅಲ್ಲಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘ 2025ರ ಮೇ ತಿಂಗಳಲ್ಲಿ ಅಂಥದೇ ಮಾರ್ಗಸೂಚಿ ಹೊರಡಿಸಿತು.

ಲಿಡೊಕೇನ್ 1940ರ ದಶಕದಿಂದ ಬಳಕೆಯಲ್ಲಿರುವ ಅಗ್ಗದ ಮದ್ದು. ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ನಮ್ಮ ಊರುಗಳಲ್ಲೂ ಅದನ್ನೇ ಕೊಡುತ್ತಾರೆ. ವಂಕಿ ಹಾಕಿಸಿಕೊಳ್ಳಲು ಹೋಗುವವರು ಅದರ ಬಗ್ಗೆ ಮೊದಲೇ ಕೇಳಬೇಕು. ನೋವು ತಡೆಯಲಾಗದಿದ್ದರೆ ನಡುವೆಯೇ ನಿಲ್ಲಿಸಲು ಹೇಳಬೇಕು.