ಗಾಳದ ನೊಣವೂ ಕನ್ನಡದ ನುಡಿಯೂ

ಮುರಗೋಡ, ಸವದತ್ತಿಗಳ ಸೀಮೆಯಲ್ಲಿ ಹರಿಯುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಪೂರ್ವಸಮುದ್ರದತ್ತ ಸಾಗುವುದು. ಕಡಲಿನಿಂದ ಇಷ್ಟು ದೂರವಿರುವವರಿಗೆ ಉಪ್ಪುನೀರಿನ ಮೀನಿನ ಮಾತು ಪರಕೀಯವೆಂದು ತೋರುವುದು ಸಹಜವೇ. ಆದರೆ ಕಡಲ ಮೀನನ್ನೂ ಹೊಳೆಯ ಮೀನನ್ನೂ ಒಂದೇ ಪ್ರಕರಣದಲ್ಲಿ ವಿವರಿಸಿ, ಗಾಳ ಹಾಕುವದನ್ನು ಶಾಸ್ತ್ರದ ಪದವಿಗೇರಿಸಿದವನು ಈ ಸೀಮೆಯನ್ನಾಳಿದ ದೊರೆಯೇ ಆಗಿದ್ದಾನೆ.

ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಕಾಲವದು. ಸುಮಾರು 1130ರಲ್ಲಿ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಅದರೊಳಗಿನ 'ಮತ್ಸ್ಯವಿನೋದ'ದಲ್ಲಿ ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸಿದೆ. ಗಾಳದ ಕೋಲು, ದಾರ, ಕೊಕ್ಕೆಗಳ ಲಕ್ಷಣವೂ, ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಬೇಕೆಂಬ ವಿಧಿಯೂ ಅಲ್ಲಿ ಬಂದಿವೆ. ಇಂಗ್ಲಂಡದಲ್ಲಿ ಗಾಳವನ್ನು ಕುರಿತ ಮೊದಲ ಪ್ರಬಂಧವು ಅಚ್ಚಾದದ್ದು 1496ರಲ್ಲಿ. ಅಂದರೆ ಮುನ್ನೂರೈವತ್ತು ವರ್ಷಗಳಿಗೂ ತರುವಾಯ.

ಆ ಇಂಗ್ಲಿಷ್ ಪ್ರಬಂಧದಲ್ಲಿ ಹನ್ನೆರಡು ಹುಸಿ ನೊಣಗಳ ವರ್ಣನೆಯುಂಟು. ಕೊಕ್ಕೆಗೆ ಗರಿ, ರೋಮ, ನೂಲುಗಳನ್ನು ಸುತ್ತಿ ಕೀಟದಂತೆ ತೋರಿಸುವ ಈ ಕೈಗೆಲಸವು ಅದಕ್ಕಿಂತಲೂ ಪ್ರಾಚೀನವಾದದ್ದು. ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಗೂ ಕೋಳಿಯ ಗರಿಗೂ ಕೊಕ್ಕೆಯನ್ನು ಜೋಡಿಸುತ್ತಿದ್ದರೆಂದು ಏಲಿಯನ್ನನು ಸುಮಾರು 200ರ ಹೊತ್ತಿಗೆ ಬರೆದಿದ್ದಾನೆ. ಕಡಲ ನೊಣವು ಮಾತ್ರ ಹೆಸರಿಗಷ್ಟೇ ನೊಣ. ಅದು ಬಹುಮಟ್ಟಿಗೆ ಮರಿಮೀನನ್ನೋ ಸೀಗಡಿಯನ್ನೋ ಹೋಲುವುದು, ಅದರ ಕೊಕ್ಕೆಯು ಉಪ್ಪಿಗೆ ತುಕ್ಕು ಹಿಡಿಯದಂತಿರಬೇಕು. ಅಮೇರಿಕದ ಲೆಫ್ಟಿ ಕ್ರೇ ಎಂಬಾತನು 1950ರ ದಶಕದಲ್ಲಿ ಚೆಸಪೀಕ್ ಕೊಲ್ಲಿಯ ಮೀನುಗಳಿಗಾಗಿ ಕಟ್ಟಿದ 'ಡಿಸೀವರ್' ಎಂಬ ನೊಣದ ಚಿತ್ರವು 1991ರಲ್ಲಿ ಆ ದೇಶದ ಅಂಚೆಚೀಟಿಯ ಮೇಲೆ ಬಂದಿತು. ಅಲ್ಲಿ ಈ ವಿದ್ಯೆಯನ್ನು ಊರೂರಿನ ಕೂಟಗಳಲ್ಲಿ ಕಲಿಯುವರು. ಬಲ್ಲವನು ಒಂದು ಸುತ್ತು ಸುತ್ತಿ ತೋರಿಸುವನು; ಕಲಿಯುವವನು ಸುತ್ತುವನು, ಕೆಟ್ಟರೆ ಬಿಚ್ಚುವನು. ಪ್ರತಿಯೊಂದು ಗಂಟಿಗೂ ಒಂದು ಹೆಸರಿರುವದರಿಂದಲೇ ವಿದ್ಯೆಯು ಕೈಯಿಂದ ಕೈಗೆ ಸಾಗುವುದು.

ಕನ್ನಡ ಕರಾವಳಿಗೂ ಇಂಥ ಗ್ರಂಥವೊಂದು ದೊರೆಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸನು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಿಂದ ಹೊರಬಿದ್ದಿತು. ಅವನು ಬೇಟೆಯ ರಸಿಕನಷ್ಟೇ ಅಲ್ಲ. ಮೀನಿನ ಸಂತತಿಯನ್ನು ಕಾಯಬೇಕೆಂದು ವಾದಿಸಿದವನು. ನೀರಿಗೆ ವಿಷವಿಕ್ಕುವದನ್ನೂ ಸಿಡಿಮದ್ದಿನಿಂದ ಮೀನು ಕೊಲ್ಲುವದನ್ನೂ ತಡೆಯುವ ಕಾಯದೆಯು 1897ರಲ್ಲಿ ಬಂದಿತು. ಆದರೂ ಹಾನಿಯು ನಿಲ್ಲಲಿಲ್ಲ. ಕಾವೇರಿಯ ಡುಬ್ಬದ ಮಹಸೀರ್ ಮೀನನ್ನು 2018ರಲ್ಲಿ ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಇಲ್ಲಿ ಒಂದು ಸಂಗತಿಯು ವಿಚಾರಾರ್ಹವಾಗಿದೆ. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಎರಡು ಗ್ರಂಥಗಳಲ್ಲಿ ಒಂದು ಸಂಸ್ಕೃತದ್ದು, ಮತ್ತೊಂದು ಇಂಗ್ಲಿಷಿನದು. ಒಂದನ್ನು ಅರಸನು ಬರೆದನು, ಮತ್ತೊಂದನ್ನು ಅಧಿಕಾರಿಯು ಬರೆದನು. ನೀರಿನ ಬಣ್ಣವನ್ನು ನೋಡಿ ಮೀನಿನ ಹಸಿವನ್ನು ಅರಿಯಬಲ್ಲ ಹೊಳೆಯ ಅಂಬಿಗನೂ ಕಡಲ ಮೊಗವೀರನೂ ಎರಡರಲ್ಲಿಯೂ ಲೇಖಕರಾಗಲಿಲ್ಲ. ಅವರ ವಿದ್ಯೆಯು ಬಾಯಿಮಾತಿನಲ್ಲಿ ಉಳಿದು ಬಂದದ್ದು. ಥಾಮಸನ ಪುಸ್ತಕವು ಹೊರಟ ಮಂಗಳೂರಿನಿಂದಲೇ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದು, ಕನ್ನಡದ ಸಾವಿರಾರು ಶಬ್ದಗಳನ್ನು ಕಾಪಾಡಿತು. ಅದೇ ಶ್ರಮವು ಗಾಳ, ಬಲೆ, ದೋಣಿಗಳ ನುಡಿಗೂ ಸಲ್ಲಬೇಕಾಗಿದೆ. ಮೀನು ಅಳಿದಲ್ಲಿ ಅದನ್ನು ಹಿಡಿಯುವ ಕೈಯು ಮರೆಯುವುದು. ಕೈ ಮರೆತಲ್ಲಿ ಗಂಟಿನ ಹೆಸರೂ ಉಳಿಯಲಾರದು. ಮಲಪ್ರಭೆಯ ದಡದ ಒಬ್ಬ ಮುದುಕ ಅಂಬಿಗನ ಬಳಿ ಕುಳಿತು, ಅವನು ಬಲ್ಲ ಮೀನುಗಳ ಹೆಸರುಗಳನ್ನು ಬರೆದಿಟ್ಟುಕೊಂಡರೂ ಸೋಮೇಶ್ವರನು ಆರಂಭಿಸಿದ ಕಾರ್ಯವು ಕನ್ನಡದಲ್ಲಿ ಮುಂದುವರಿದಂತಾಗುವುದು.